ಕಷ್ಟದಲ್ಲಿ ಅನುಗ್ರಹ ಕಂಡೆವು ಎನ್ನುವವರು ನಿಜವಾಗಿ ಏನನ್ನು ಕಂಡಿರುತ್ತಾರೆ?

ಮಗನಿಗೆ ಅಪಘಾತವಾದಂದಿನಿಂದ ಬಂಧುಗಳೆಲ್ಲ ‘ದೇವರು ಮಾಡುವುದೆಲ್ಲ ಒಳ್ಳೆಯದಕ್ಕೇ’ ಎನ್ನುತ್ತಿದ್ದಾರೆ, ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ನಂಬಿದವರಿಗೆ ಕಷ್ಟದಲ್ಲಿ ಅನುಗ್ರಹ ಕಾಣುವುದು ನಿಜವೇ ಎಂದು ನೀವು ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ನನಗೆ ಕಾಣಿಸಿದ್ದು ಹೌದು. ಆದರೆ ನಿಮ್ಮ ಬಂಧುಗಳು ಹೇಳುತ್ತಿರುವಂತೆ ಕಷ್ಟ ಬಂದ ಕೂಡಲೇ ಕಾಣಿಸಲಿಲ್ಲ.

2016ರ ಶ್ರಾವಣದಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತು ಬಲಗೈ, ಬಲಗಾಲಿನೊಂದಿಗೆ ಮಾತೂ ಹೋಯಿತು. ನಾವು ಹೇಳಿದ್ದು ಅವರಿಗೆ ತಿಳಿಯುತ್ತಿತ್ತು. ಆದರೆ ಬಾಯಾರಿದಾಗ ‘ನೀರು’ ಎಂಬ ಎರಡಕ್ಷರವೂ ಬಾಯಿಗೆ ಬರುತ್ತಿರಲಿಲ್ಲ. ನಾನು ಕೆಲಸಕ್ಕೆ ರಜೆ ಹಾಕಿ ಊರಿಗೆ ಬಂದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒಂದೊಂದು ಚಮಚ ಗಂಜಿ ಹಾಕಿ ಗಂಟಲಿಗೆ ಇಳಿಯಿತೇ ಎಂದು ಕಾಯುವುದು, ಬಟ್ಟೆ ಒಗೆಯುವುದು, ಇದರಲ್ಲೇ ದಿನ ಕಳೆಯುತ್ತಿತ್ತು. ದೇವರ ಮುಂದೆ ದೀಪ ಹಚ್ಚುತ್ತಿದ್ದುದು ಬರೀ ಅಭ್ಯಾಸದಿಂದ.

ಒಂದು ಶುಕ್ರವಾರ ಸಂಜೆ ದೀಪ ಹಚ್ಚಿ, ಅಮ್ಮ ವಾರವಾರವೂ ಹೇಳುತ್ತಿದ್ದ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ನಾನೇ ಹೇಳತೊಡಗಿದೆ. ‘ಹೆಜ್ಜೆಯ ಮೇಲೆ ಹೆಜ್ಜೆಯನಿಕ್ಕುತ’ ಎಂಬಲ್ಲಿಗೆ ಬರುವಾಗ ಹಿಂದಿನಿಂದ ಇನ್ನೊಂದು ದನಿ ಸೇರಿತು. ತಿರುಗಿ ನೋಡಿದರೆ ಅಮ್ಮ, ಸೊಟ್ಟಗಾದ ಬಾಯಲ್ಲೇ ‘ಗೆಜ್ಜೆ ಕಾಲ್ಗಳ’ ಎಂದು ಪದ ಬಿಡದೆ ಹಾಡುತ್ತಿದ್ದರು. ಎಡಗೈ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿತ್ತು.

ಇದರ ಕಾರಣವನ್ನು ವೈದ್ಯರು ಆಮೇಲೆ ತಿಳಿಸಿದರು. ಹೆಚ್ಚಿನವರಲ್ಲಿ ಮಾತನ್ನು ನಡೆಸುವುದು ಮೆದುಳಿನ ಎಡಭಾಗ. ಹಾಡಿಗೆ ಬಲಭಾಗದ ನೆರವೂ ಇರುವುದರಿಂದ ಮಾತು ಕಳೆದುಕೊಂಡ ಕೆಲವರು ಬಾಯಿಪಾಠದ ಹಾಡನ್ನು ಹಾಡಬಲ್ಲರು, ಪದಗಳನ್ನು ರಾಗವಾಗಿ ಹೇಳಿಸುತ್ತ ಮಾತನ್ನು ಮರಳಿ ತರುವ ಚಿಕಿತ್ಸೆಯೂ ಇದೆ. ಕಾರಣ ತಿಳಿದ ಮೇಲೂ ನನ್ನ ಕೃತಜ್ಞತೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. 50 ವರ್ಷ ಶುಕ್ರವಾರ ತಪ್ಪಿಸದೆ ಹೇಳಿಕೊಂಡು ಬಂದ ಹಾಡು, ಎಲ್ಲ ಮಾತೂ ಕೈಬಿಟ್ಟ ಮೇಲೆ ಅವರ ಪಾಲಿಗೆ ಉಳಿದಿತ್ತು. ನಾನು ಅನುಗ್ರಹ ಎನ್ನುವುದು ಇದನ್ನು. ಲಕ್ವವನ್ನು ನಾನು ಇಂದಿಗೂ ಅನುಗ್ರಹ ಎನ್ನಲಾರೆ.

ನಿಮ್ಮ ಬಂಧುಗಳ ಮಾತಿನ ಹಿಂದೆ ಪುರಂದರದಾಸರ ‘ಆದದ್ದೆಲ್ಲ ಒಳಿತೇ ಆಯಿತು’ ಇರಬಹುದು. ಅಲ್ಲಿ ‘ಆಯಿತು’ ಎಂದಿದೆ. ದಾಸರು ಹಾಡುವಾಗ ಹಿಡಿಯುವ ತಂಬೂರಿಯಾದ ದಂಡಿಗೆಯನ್ನು ಹಿಡಿಯಲು ನಾಚುತ್ತಿದ್ದ ತನಗೆ ಹೆಂಡತಿಯೇ ಅದನ್ನು ಹಿಡಿಸಿದಳೆಂದು, ಸಿರಿಯನ್ನೆಲ್ಲ ಬಿಟ್ಟು ಬಂದವರು ಹಿಂತಿರುಗಿ ನೋಡಿ ತಮ್ಮ ಬಾಳಿನ ಬಗ್ಗೆ ಹೇಳಿಕೊಂಡ ಮಾತದು. ನೆರೆಮನೆಯವರ ದುಃಖಕ್ಕೆ ದಾಸರು ಅದನ್ನು ಅನ್ವಯಿಸಲಿಲ್ಲ.

ಭಾಗವತದ ಮೊದಲ ಸ್ಕಂಧದ 8ನೇ ಅಧ್ಯಾಯವನ್ನು ಬಿಡುವಾದಾಗ ಓದಿ. ಕೃಷ್ಣ ದ್ವಾರಕೆಗೆ ಹೊರಟು ನಿಂತಾಗ ಕುಂತಿ, ವಿಷ, ಬೆಂಕಿ, ದುಷ್ಟರ ಸಭೆ, ವನವಾಸಗಳನ್ನೆಲ್ಲ ಎಣಿಸಿ, ಅಂಥ ವಿಪತ್ತುಗಳು ಮತ್ತೆ ಮತ್ತೆ ಬರಲಿ, ಆಗಲೇ ಅಲ್ಲವೇ ನಿನ್ನ ದರ್ಶನವಾಗುವುದು ಎನ್ನುತ್ತಾಳೆ. ಕರ್ಣನನ್ನೂ ಮೊಮ್ಮಕ್ಕಳನ್ನೂ ಕಳೆದುಕೊಂಡವಳ ಮಾತಿದು, ಹಗುರವಾದದ್ದಲ್ಲ. ಆದರೆ ಅದಕ್ಕೆ ತುಸು ಮೊದಲು, ಅದೇ ಅಧ್ಯಾಯದಲ್ಲಿ, ಗಂಡನನ್ನು ಕಳೆದುಕೊಂಡ ಬಸುರಿ ಉತ್ತರೆ, ಅಶ್ವತ್ಥಾಮನ ಅಸ್ತ್ರ ತನ್ನನ್ನು ಸುಟ್ಟರೂ ಸರಿ ಗರ್ಭ ಉಳಿಯಲಿ ಎಂದು ಮೊರೆಯಿಡುತ್ತ ಓಡಿಬರುತ್ತಾಳೆ. ಅವಳಿಗೆ ಕುಂತಿ ‘ಇದೂ ಒಳ್ಳೆಯದಕ್ಕೇ’ ಎನ್ನುವುದಿಲ್ಲ. ಕೃಷ್ಣನೂ ಉಪದೇಶಕ್ಕೆ ಕೂರದೆ ಗರ್ಭವನ್ನು ಕಾಯುತ್ತಾನೆ. ನೀವೀಗ ಉತ್ತರೆಯ ಸ್ಥಿತಿಯಲ್ಲಿದ್ದೀರಿ. ಕುಂತಿಯ ಮಾತು ನಿಮ್ಮ ಬಾಯಿಂದ ಬರಬೇಕೆಂದು ಯಾರೂ ಒತ್ತಾಯಿಸಕೂಡದು. ಎಂದೂ ಬಾರದಿದ್ದರೂ ಅದು ನಂಬಿಕೆಯ ಕೊರತೆಯಲ್ಲ. ಮಗುವನ್ನು ಕಾಯಿ ಎಂದು ಮೊರೆಯಿಡುವುದೂ ಪೂರ್ಣವಾದ ಪ್ರಾರ್ಥನೆಯೇ.

ಅಮ್ಮ ಆಮೇಲೆ ಮೂರು ವರ್ಷ ಇದ್ದರು. ಬಲಗೈ ಕೊನೆಗೂ ಏಳಲಿಲ್ಲ, ಮಾತೂ ಪೂರ್ತಿ ಮರಳಲಿಲ್ಲ. ‘ನೀರು ಕೊಡಮ್ಮ’ ಎಂಬುದನ್ನು ಮಾತ್ರ ‘ಬಾರಮ್ಮ’ದ ಧಾಟಿಯಲ್ಲಿ ಕೇಳುವುದನ್ನು ಕಲಿತರು, ಅಡುಗೆಮನೆಯಿಂದ ನಾನೂ ಅದೇ ಧಾಟಿಯಲ್ಲಿ ‘ಬಂದೆ ಇರಮ್ಮ’ ಎನ್ನುತ್ತಿದ್ದೆ.