ಅಮೆರಿಕ ಸರ್ಕಾರದ ಹಳೇ ಫೈಲುಗಳಲ್ಲಿ ಭಾರತದ ಬಗ್ಗೆ ಏನಿದೆ, ನಮ್ಮಂಥೋರು ಓದ್ಬಹುದಾ?

ಆರಾಮಾಗಿ ಓದ್ಬಹುದು, ದುಡ್ಡೂ ಬೇಡ ಪರ್ಮಿಷನ್ನೂ ಬೇಡ. ಈ ಪೇಪರ್ಸ್ ಎಲ್ಲಿ ಸಿಗುತ್ತೆ ಅಂತ ಒಂದು, ಓದಿದ್ರೆ ಹೊಸದಾಗಿ ಏನಾದ್ರೂ ಗೊತ್ತಾಗುತ್ತಾ ಅಂತ ಇನ್ನೊಂದು ಕೇಳಿದೀರ. ಮೊದಲನೇದು ಸುಲಭ. ಅಮೆರಿಕದ ವಿದೇಶಾಂಗ ಇಲಾಖೆ 1861ರಿಂದ ‘ಫಾರಿನ್ ರಿಲೇಶನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ಅಂತ ತನ್ನ ಹಳೇ ಕಾಗದಪತ್ರಗಳ ಸಂಪುಟಗಳನ್ನ ತರ್ತಾ ಇದೆ, ಓದೋರು ಚಿಕ್ಕದಾಗಿ ಫ್ರಸ್ ಅಂತಾರೆ. ಘಟನೆ ನಡೆದ 30 ವರ್ಷದೊಳಗೆ ಹೊರಗೆ ತರ್ಬೇಕು ಅಂತ 1991ರಲ್ಲಿ ಕಾನೂನೇ ಆಯ್ತು, ಆದ್ರೂ ಎಷ್ಟೋ ಸಂಪುಟ ಲೇಟಾಗೇ ಬರುತ್ತೆ, ಸರ್ಕಾರಿ ಕೆಲಸ ಎಲ್ಲಾ ಕಡೆ ಹಂಗೇ ಅನ್ಸುತ್ತೆ. ಆ ಇಲಾಖೆಯ ಇತಿಹಾಸಕಾರರ ಆಫೀಸಿನ ವೆಬ್‌ಸೈಟಲ್ಲಿ ಫ್ರೀಯಾಗಿ ಇದೆ, ಸರ್ಚೂ ಮಾಡ್ಬಹುದು.

ಎರಡನೇದಕ್ಕೆ ಬರೋಣ. ಭಾರತ ಅಂದ ತಕ್ಷಣ ಎಲ್ರೂ ಹಾರೋದು 1971ಕ್ಕೆ, ಆಗಿನ ಪ್ರೆಸಿಡೆಂಟ್ ನಿಕ್ಸನ್, ಅವ್ರ ಸಲಹೆಗಾರ ಕಿಸಿಂಜರ್ ಸೇರಿ ಇಂದಿರಾ ಗಾಂಧಿಯವರನ್ನ ಬೈದಿದ್ದು, ಢಾಕಾದಿಂದ ಅಮೆರಿಕದ ಅಧಿಕಾರಿ ಆರ್ಚರ್ ಬ್ಲಡ್ ತಮ್ಮದೇ ಸರ್ಕಾರದ ನೀತಿ ವಿರೋಧಿಸಿ ಕಳಿಸಿದ ಟೆಲಿಗ್ರಾಂ, ಇವೆಲ್ಲ. ಓದಿ, ಮಜಾ ಇದೆ. ಆದ್ರೆ ಶುರು ಮಾಡೋಕೆ ನಾನು ಹೇಳೋದು 1965-66ರ ಗೋಧಿ ಕಥೆ, ಯಾಕಂದ್ರೆ ಅದ್ರಲ್ಲಿ ವಿದೇಶಾಂಗ ನೀತಿ ಎಲ್ಲಿ ಮುಗಿಯುತ್ತೆ, ಅವ್ರ ಮನೆಯೊಳಗಿನ ರಾಜಕೀಯ ಎಲ್ಲಿ ಶುರುವಾಗುತ್ತೆ ಅಂತ ಗೆರೆ ಎಳೆಯೋಕೇ ಆಗಲ್ಲ.

ಹಿನ್ನೆಲೆ ಇಷ್ಟು. ಪಿಎಲ್-480 ಅಂತ 1954ರ ಅಮೆರಿಕದ ಕಾನೂನು, ಅವ್ರಲ್ಲಿ ಮಿಕ್ಕ ಧಾನ್ಯನ ನಮ್ಮಂಥ ದೇಶಗಳಿಗೆ ಡಾಲರ್ ಬದಲು ರೂಪಾಯಿಗೇ ಕೊಡೋದು. 1960ರಲ್ಲಿ ನಮ್ಮ ಆಹಾರ ಮಂತ್ರಿ ಎಸ್.ಕೆ. ಪಾಟೀಲ್ ಹೋಗಿ ಪ್ರೆಸಿಡೆಂಟ್ ಐಸೆನ್‌ಹೋವರ್ ಜೊತೆ ಸೈನ್ ಹಾಕಿದ ಒಪ್ಪಂದದಲ್ಲಿ ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. 1965ರ ಮಧ್ಯಕ್ಕೆ ಬರೋ ಹೊತ್ತಿಗೆ ಪ್ರೆಸಿಡೆಂಟ್ ಲಿಂಡನ್ ಜಾನ್ಸನ್ ಇನ್ಮೇಲೆ ವರ್ಷಗಟ್ಲೆ ಒಪ್ಪಂದ ಇಲ್ಲ, ಸ್ವಲ್ಪ ಸ್ವಲ್ಪವಾಗಿ ಬಿಡ್ತೀನಿ ಅಂದ್ರು, ಅದೇ ವರ್ಷ ಮಳೆ ಕೈಕೊಡ್ತು, ಸೆಪ್ಟೆಂಬರಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಮುಂದಿನ ವರ್ಷ ಮತ್ತೆ ಬರ, ಬಿಹಾರದಲ್ಲಂತೂ ಹಾಹಾಕಾರ. ವಿಯೆಟ್ನಾಂ ಮೇಲೆ ಬಾಂಬ್ ಹಾಕಿದ್ದನ್ನ ನಾವು ಟೀಕೆ ಮಾಡಿದ್ದಕ್ಕೆ ಗೋಧಿ ನಿಲ್ಲಿಸಿ ಸೇಡು ತೀರಿಸ್ಕೊಂಡ್ರು ಅಂತ ನಮ್ಮಲ್ಲಿ ಮಾತಿದೆ ಅಲ್ವಾ, ಅದು ಸುಳ್ಳಲ್ಲ, 1966 ಜುಲೈನಲ್ಲಿ ಇಂದಿರಾ ಮಾಸ್ಕೋದಲ್ಲಿ ಸೋವಿಯತ್ ನಾಯಕರ ಜೊತೆ ವಿಯೆಟ್ನಾಂ ಬಗ್ಗೆ ಜಂಟಿ ಹೇಳಿಕೆ ಕೊಟ್ಟಾಗ ಜಾನ್ಸನ್ ಉರ್ಕೊಂಡಿದ್ದು ನಿಜ.

ಆದ್ರೆ ಪೇಪರ್ಸ್ ಓದಿದ್ರೆ ಅಷ್ಟೇ ಅಲ್ಲ ಅಂತ ಗೊತ್ತಾಗುತ್ತೆ. ದೆಹಲಿಯಲ್ಲಿದ್ದ ರಾಯಭಾರಿ ಚೆಸ್ಟರ್ ಬೌಲ್ಸ್ ಬೇಗ ಕಳಿಸಿ ಬೇಗ ಕಳಿಸಿ ಅಂತ ತಂತಿ ಮೇಲೆ ತಂತಿ ಕೊಡ್ತಾರೆ, ವೈಟ್‌ಹೌಸ್‌ನ ರಾಬರ್ಟ್ ಕೋಮರ್ ಮೆಮೊ ಬರೀತಾರೆ, ಇಂಥಾ ದಿನಕ್ಕೆ ಗೋಧಿ ಹಡಗುಗಳ ಸಾಲು ಕಡಿದುಹೋಗುತ್ತೆ ಅಂತ ಅಧಿಕಾರಿಗಳು ಎಚ್ಚರಿಸ್ತಾರೆ, ಇಷ್ಟೆಲ್ಲ ಆದ್ರೂ ತಡೆ ಹಿಡಿದು ಕೂತಿರೋದು ಪ್ರೆಸಿಡೆಂಟ್ ಒಬ್ರೇ. ಯಾಕೆ? ಅದಕ್ಕೆ ಉತ್ತರ ಅವ್ರ ಕೃಷಿ ಇಲಾಖೆ ಕಡೆ ಇದೆ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಮಿಕ್ಕ ಗೋಧಿಯ ದಾಸ್ತಾನು ಕರಗಿತ್ತು, ಹೊರಗೆ ಜಾಸ್ತಿ ಕಳಿಸಿದ್ರೆ ಒಳಗೆ ರೇಟ್ ಏರುತ್ತೆ, ಕಮ್ಮಿ ಕಳಿಸಿದ್ರೆ ರೈತರು ಗೊಣಗ್ತಾರೆ, ಕಾಂಗ್ರೆಸ್, ಅಂದ್ರೆ ಅವ್ರ ಪಾರ್ಲಿಮೆಂಟ್, ಅದ್ರ ಸದಸ್ಯರಿಗೆ ಬೇರೆ ದೇಶಕ್ಕೆ ಸಹಾಯ ಅಂದ್ರೇ ಬೇಸರ ಬಂದಿತ್ತು. ಅದಕ್ಕೇ 1966 ಡಿಸೆಂಬರಲ್ಲಿ ಜಾನ್ಸನ್ ಭಾರತಕ್ಕೆ ಕಳಿಸಿದ್ದು ರಾಜತಾಂತ್ರಿಕರನ್ನಲ್ಲ, ಅದೇ ಕಾಂಗ್ರೆಸ್ಸಿನ ಕೃಷಿ ಸಮಿತಿಗಳ ಸದಸ್ಯರನ್ನ, ನಿಜವಾಗ್ಲೂ ಬರ ಇದೆಯಾ ನೋಡ್ಕೊಂಡ್ ಬನ್ನಿ ಅಂತ. ಅದ್ರಲ್ಲಿ ಒಬ್ರು ಬಾಬ್ ಡೋಲ್, 30 ವರ್ಷ ಆದ್ಮೇಲೆ ಪ್ರೆಸಿಡೆಂಟ್ ಚುನಾವಣೆಲಿ ಕ್ಲಿಂಟನ್ ಎದುರು ನಿಂತು ಸೋತರಲ್ಲ, ಅವ್ರೇ.

ನನಗೆ ತುಂಬಾ ಇಂಟರೆಸ್ಟಿಂಗ್ ಅನ್ಸಿದ್ದು ರೋಮ್ ಒಪ್ಪಂದ. 1965 ನವೆಂಬರಲ್ಲಿ ನಮ್ಮ ಕೃಷಿ ಮಂತ್ರಿ ಸಿ. ಸುಬ್ರಮಣ್ಯಂ, ಅವ್ರ ಕೃಷಿ ಮಂತ್ರಿ ಆರ್ವಿಲ್ ಫ್ರೀಮನ್ ಇಬ್ರೂ ರೋಮ್‌ನಲ್ಲಿ ಗುಟ್ಟಾಗಿ ಸೈನ್ ಹಾಕಿದ್ರು: ಭಾರತ ಕೃಷಿಗೆ ಜಾಸ್ತಿ ದುಡ್ಡು ಹಾಕ್ಬೇಕು, ಗೊಬ್ಬರ, ಹೊಸ ತಳಿ ಬೀಜ, ಖಾಸಗಿ ಬಂಡವಾಳ, ಹೀಗೆ. ಮುಂದಿನ ತಿಂಗಳು ಪಾರ್ಲಿಮೆಂಟಲ್ಲಿ ಅದು ನಮ್ಮದೇ ಹೊಸ ನೀತಿಯಾಗಿ ಬಂತು. ಇದನ್ನ ಓದಿ ‘ನೋಡಿ, ಹಸಿರು ಕ್ರಾಂತಿ ಅಮೆರಿಕದ ಆರ್ಡರ್’ ಅಂತ ಕೂಗೋರು ಇದಾರೆ. ನಾನು ಒಪ್ಪಲ್ಲ. ಸುಬ್ರಮಣ್ಯಂಗೆ ಇದೇ ಬೇಕಿತ್ತು, ಮಂತ್ರಿಮಂಡಲದಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಅಡ್ಡ ನಿಂತಿದ್ರು, ಹೊರಗಿನ ಒತ್ತಡನ ಒಳಗಿನ ಜಗಳ ಗೆಲ್ಲೋಕೆ ಬಳಸ್ಕೊಂಡ್ರು. ಇಬ್ರೂ ಮಂತ್ರಿಗಳು ತಮ್ಮ ತಮ್ಮ ಮನೆಯವರನ್ನ ಒಪ್ಸೋಕೆ ಇನ್ನೊಬ್ಬರ ಹೆಸರು ಹೇಳಿದಾರೆ ಅಂತ ನನ್ನ ಓದು. ಮುಂದಿನ ವರ್ಷ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ಬಂತು, ಅದು ಗೊತ್ತಿರೋ ಕಥೆ.

ಓದೋವಾಗ ಒಂದು ಎಚ್ಚರ. ಕಾಗದ ಅಸಲಿ ಅಂದಮಾತ್ರಕ್ಕೆ ಅದ್ರಲ್ಲಿರೋದೆಲ್ಲ ನಿಜ ಅಲ್ಲ. ಮೊದಲು ಯಾರು ಯಾರಿಗೆ ಬರೆದಿದ್ದು ನೋಡಿ. ಭೇಟಿಗೆ ಮುಂಚೆ ಪ್ರೆಸಿಡೆಂಟ್‌ಗೆ ಕೊಟ್ಟ ಟಿಪ್ಪಣಿಲಿ ಏನು ಹೇಳ್ಬೇಕು ಅಂತ ಇರುತ್ತೆ, ಭೇಟಿ ಆದ್ಮೇಲಿನ ಮೆಮೊದಲ್ಲಿ ಹೇಳಿದ್ದನ್ನ ಬರ್ಕೊಂಡವರು ಹೆಂಗೆ ಕೇಳಿಸ್ಕೊಂಡ್ರು ಅಂತ ಇರುತ್ತೆ, ಎರಡೂ ಬೇರೆ. ನಡುವೆ ಇಷ್ಟು ಸಾಲು ಇನ್ನೂ ಬಿಡುಗಡೆ ಆಗಿಲ್ಲ ಅಂತ ಕಂಸದಲ್ಲಿ ಬಂದ್ರೆ ತಲೆ ಕೆಡಿಸ್ಕೋಬೇಡಿ, ಅದು ಮಾಮೂಲಿ. ಅಡಿಟಿಪ್ಪಣಿ ಮಾತ್ರ ಬಿಡ್ಬೇಡಿ, ಮೂಲ ಫೈಲು ಆಸ್ಟಿನ್‌ನ ಜಾನ್ಸನ್ ಲೈಬ್ರರಿಲಿದೆಯಾ, ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್ ಆರ್ಕೈವ್ಸಲ್ಲಿದೆಯಾ ಅಂತ ಅಲ್ಲೇ ಇರುತ್ತೆ. ಜಾನ್ಸನ್ ಫೋನ್ ಕರೆಗಳ ರೆಕಾರ್ಡಿಂಗೂ ಇದೆ, ಸತ್ತು 50 ವರ್ಷ ಆಗೋವರೆಗೂ ತೆಗೀಬಾರ್ದು ಅಂತ ಅವ್ರ ಸೂಚನೆ ಇತ್ತು, ಲೈಬ್ರರಿಯವರು 1993ರಿಂದಲೇ ತೆಗೆಯೋಕೆ ಶುರು ಮಾಡಿದ್ರು.

ಅಂದಹಾಗೆ ಪಿಎಲ್-480ರಲ್ಲಿ ನಾವು ಕೊಟ್ಟ ರೂಪಾಯಿ ಇಲ್ಲೇ ಖರ್ಚಾಗ್ಬೇಕಿತ್ತಲ್ಲ, ಅದ್ರಲ್ಲಿ ಒಂದು ಪಾಲಿಂದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಯೂನಿವರ್ಸಿಟಿಗಳಿಗೆ ಕಳಿಸ್ತು. ಅಲ್ಲಿನ ಲೈಬ್ರರಿಗಳಲ್ಲಿ ಅರವತ್ತರ ದಶಕದ ಕನ್ನಡ ಪುಸ್ತಕ ಅಷ್ಟೊಂದು ಸಿಗೋದಕ್ಕೆ ಇದೂ ಒಂದು ಕಾರಣ.

ನಮ್ಮ ಕಡೆಯ ಫೈಲು ಕೇಳಿದ್ರೆ, 1993ರ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಮತ್ತು ಅದ್ರ ನಿಯಮಗಳ ಪ್ರಕಾರ 25 ವರ್ಷ ದಾಟಿದ್ದು ದೆಹಲಿಯ ಜನಪಥದ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗ್ಬೇಕು, ‘ಅಭಿಲೇಖ್ ಪಟಲ್’ ಅನ್ನೋ ಪೋರ್ಟಲಲ್ಲಿ ಒಂದಷ್ಟು ನೋಡ್ಬಹುದು. ಆದ್ರೆ 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನೇ ಸರ್ಕಾರ ಇನ್ನೂ ಅಧಿಕೃತವಾಗಿ ಬಿಟ್ಟಿಲ್ಲ, ಹಾಗಾಗಿ ನಿರೀಕ್ಷೆ ಕಮ್ಮಿ ಇಟ್ಕೊಳಿ. ಸದ್ಯಕ್ಕೆ ಫ್ರಸ್‌ನ 1964-68ರ 25ನೇ ಸಂಪುಟ, ಸೌತ್ ಏಷ್ಯಾ, ಅದನ್ನ ತೆಗೆದು 1966ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನದ್ದನ್ನ ತಾರೀಖಿನ ಪ್ರಕಾರ ಓದ್ಕೊಂಡು ಹೋಗಿ, ಪಕ್ಕದಲ್ಲಿ ಆಹಾರ ಸಹಾಯದ ವಿಷಯ ಇರೋ 9ನೇ ಸಂಪುಟನೂ ಇಟ್ಕೊಳಿ, ಎಲ್ಲಾದ್ರೂ ಸಿಕ್ಕಾಕೊಂಡ್ರೆ ಕಾಮೆಂಟಲ್ಲಿ ಡಾಕ್ಯುಮೆಂಟ್ ನಂಬರ್ ಹಾಕಿ, ನೋಡ್ತೀನಿ.