ಓದುಗರ ಪ್ರಶ್ನೆ: ಕಿಲ್ಕೆನಿ ನೋಡಲು ಎಷ್ಟು ದಿನ ಬೇಕು?

ಪ್ರಶ್ನೆ: ಡಬ್ಲಿನ್‌ನಲ್ಲಿರುವ ಮಗಳ ಮನೆಗೆ ಮೇ ತಿಂಗಳಲ್ಲಿ ಹೊರಟಿದ್ದೇವೆ. ಐರ್ಲೆಂಡಿನ ಹಳೆಯ ಊರು ಕಿಲ್ಕೆನಿಯನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ? ನಮ್ಮಲ್ಲಿ ಷೆಂಗೆನ್ ವೀಸಾ ಇದೆ, ಅದು ನಡೆಯುತ್ತದೆಯೇ? (ಮೈಸೂರಿನ ಓದುಗರು)

ವೀಸಾ ವಿಷಯ ಮೊದಲು. ಷೆಂಗೆನ್ ವೀಸಾ ನಡೆಯುವುದಿಲ್ಲ. ಐರ್ಲೆಂಡಿನಲ್ಲಿ ಯೂರೋ ಚಲಾವಣೆಯಲ್ಲಿದ್ದರೂ ಆ ದೇಶ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕೆನ್ನುವ ಷೆಂಗೆನ್ ಒಪ್ಪಂದಕ್ಕೆ ಸೇರಿಲ್ಲ. ಅವರದೇ ಅಲ್ಪಾವಧಿಯ ‘ಸಿ’ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ವಾರಗಳಿಗೆ ಬಿಡಬೇಡಿ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿದ ಮೇಲೆ ಬರುವ ಸಾರಾಂಶದ ಪುಟವನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಪಾಸ್‌ಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಮಗಳ ಆಹ್ವಾನ ಪತ್ರದ ಜೊತೆಗೆ ಕೊಡಬೇಕು.

ಇನ್ನು ದಿನದ ಲೆಕ್ಕ. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಆದರೂ ಒಂದು ರಾತ್ರಿ ಅಲ್ಲೇ ಉಳಿಯಿರಿ ಎಂದೇ ನಮ್ಮ ಸಲಹೆ. ಡಬ್ಲಿನ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ದಿನಕ್ಕೆ ಇರುವುದು ಕೆಲವೇ ರೈಲುಗಳು, ಭಾನುವಾರ ಇನ್ನೂ ಕಡಿಮೆ. ಒಂದೇ ದಿನದಲ್ಲಿ ಮುಗಿಸಲು ಹೊರಟವರು ಮಧ್ಯಾಹ್ನದಿಂದಲೇ ಗಡಿಯಾರ ನೋಡುತ್ತಿರಬೇಕಾಗುತ್ತದೆ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ನೋರ್ ನದಿಯ ದಂಡೆಯಲ್ಲಿ ಅಡ್ಡಾಡಲು ಅದೇ ಒಳ್ಳೆಯ ಹೊತ್ತು.

ರೈಲು ಹೊರಡುವುದು ಹ್ಯೂಸ್ಟನ್ ನಿಲ್ದಾಣದಿಂದ. ಹೊಸಬರು ಕೊನೊಲಿ ನಿಲ್ದಾಣಕ್ಕೆ ಹೋಗಿ ರೈಲು ತಪ್ಪಿಸಿಕೊಳ್ಳುವುದುಂಟು. ಎರಡರ ನಡುವೆ ಲುವಾಸ್ ಟ್ರಾಮ್‌ನ ಕೆಂಪು ಮಾರ್ಗವಿದೆ. ವಿಮಾನ ನಿಲ್ದಾಣಕ್ಕೆ ರೈಲು ಇಲ್ಲ, ಅಲ್ಲಿಂದ ಹ್ಯೂಸ್ಟನ್‌ಗೆ ಬಸ್ಸೇ ಗತಿ. ಹತ್ತಬೇಕಾದದ್ದು ವಾಟರ್‌ಫರ್ಡ್ ಕಡೆಯ ರೈಲು, ಇಳಿಯಬೇಕಾದದ್ದು ಕಿಲ್ಕೆನಿಯ ಮ್ಯಾಕ್‌ಡೊನಾ ನಿಲ್ದಾಣದಲ್ಲಿ. ಅಲ್ಲಿ ರೈಲು ದಿಕ್ಕು ಬದಲಿಸಿ, ಬಂದ ಕಡೆಗೇ ಹೊರಡುತ್ತದೆ. ಹಾಗಾಗಿ ಮರಳುವಾಗ ಮುಖ ಯಾವ ಕಡೆಗಿದೆ ಎಂದು ನೋಡದೆ ಫಲಕ ಓದಿ ಹತ್ತಿ.

ಪ್ರಶ್ನೆ: ಅಪ್ಪ ಅಮ್ಮ ಊರಿನಿಂದ ಬರುತ್ತಿದ್ದಾರೆ, ಅಮ್ಮನಿಗೆ ಮಂಡಿನೋವು. ಯಾವ ಕ್ರಮದಲ್ಲಿ ತೋರಿಸಲಿ? ಕಾರು ಬಾಡಿಗೆಗೆ ತೆಗೆದುಕೊಳ್ಳಲೇ? (ಡಬ್ಲಿನ್‌ನಲ್ಲಿರುವ ಕನ್ನಡಿಗರು)

ಕಾರು ಬೇಡ. ಒಂದು ತುದಿಯಲ್ಲಿ ಕೋಟೆ, ಇನ್ನೊಂದು ತುದಿಯಲ್ಲಿ ಸೇಂಟ್ ಕ್ಯಾನಿಸ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚು. ನಡುವೆ ಸುಮಾರು ಒಂದು ಕಿಲೋಮೀಟರ್. ನೋಡಬೇಕಾದದ್ದೆಲ್ಲ ಹೆಚ್ಚುಕಡಿಮೆ ಈ ದಾರಿಯಲ್ಲೇ ಇದೆ: ಹೈ ಸ್ಟ್ರೀಟ್, 1761ರ ಥೋಲ್ಸೆಲ್ ಎಂಬ ಪುರಭವನ, ಬಟರ್ ಸ್ಲಿಪ್ ಎಂಬ ಕಿರುಗಲ್ಲಿ, 1594ರಲ್ಲಿ ವರ್ತಕನೊಬ್ಬ ಕಟ್ಟಿಸಲು ತೊಡಗಿದ ರೋಥ್ ಹೌಸ್.

ಕ್ರಮವನ್ನು ಆಕಾಶ ನೋಡಿ ನಿರ್ಧರಿಸಿ. ಕೆಥೆಡ್ರಲ್ ಪಕ್ಕದಲ್ಲಿ ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರವಿದೆ, ಅದು ಈ ಊರಿನ ಅತಿ ಹಳೆಯ ಕಟ್ಟಡ. ಹತ್ತಲು ಬಿಡುವಂಥ ದುಂಡು ಗೋಪುರಗಳು ಐರ್ಲೆಂಡಿನಲ್ಲೇ ಅಪರೂಪ. ಹವೆ ಕೆಟ್ಟರೆ ಇದನ್ನು ಮುಚ್ಚುತ್ತಾರೆ. ಆದ್ದರಿಂದ ಬೆಳಿಗ್ಗೆ ಮಳೆಯಿಲ್ಲದಿದ್ದರೆ ಮೊದಲು ಗೋಪುರ, ಹನಿಯುತ್ತಿದ್ದರೆ ಮೊದಲು ಕೋಟೆ. ಭಾನುವಾರ ಬೆಳಿಗ್ಗೆ ಕೆಥೆಡ್ರಲ್‌ನಲ್ಲಿ ಪ್ರಾರ್ಥನೆ ಇರುತ್ತದೆ, ನೋಡಲು ಮಧ್ಯಾಹ್ನ ಹೋಗಿ. ಗೋಪುರದೊಳಗೆ ಏಣಿಯಂತೆ ಕಡಿದಾದ ಮರದ ಮೆಟ್ಟಿಲುಗಳಿವೆ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಹೆಚ್ಚು ತ್ರಾಸ. ಅಮ್ಮನನ್ನು ಹತ್ತಿಸಬೇಡಿ.

ಆ ಹೊತ್ತನ್ನು ಅವರು ಕೆಥೆಡ್ರಲ್ ಒಳಗೆ ಕಳೆಯಲಿ. ಕೋಟೆಯ ಒಡೆಯರಾಗಿದ್ದ ಪಿಯರ್ಸ್ ಬಟ್ಲರ್ ಮತ್ತು ಮಾರ್ಗರೆಟ್ ದಂಪತಿಯ 16ನೇ ಶತಮಾನದ ಸಮಾಧಿಯ ಮೇಲೆ ಇಬ್ಬರೂ ಅಕ್ಕಪಕ್ಕ ಮಲಗಿರುವಂತೆ ಕಡೆದಿದ್ದಾರೆ. ಆ ಕರಿಕಲ್ಲಿಗೆ ಕಿಲ್ಕೆನಿ ಮಾರ್ಬಲ್ ಎಂದು ಹೆಸರಿದ್ದರೂ ಅದು ಅಮೃತಶಿಲೆಯಲ್ಲ, ಹೊಳಪು ಕೊಟ್ಟ ಸುಣ್ಣಕಲ್ಲು. ಹತ್ತಿರ ಬಗ್ಗಿ ನೋಡಿದರೆ ಕಪ್ಪಿನೊಳಗೆ ಚಿಪ್ಪು, ಹವಳಗಳ ಬಿಳಿ ಗುರುತು ಕಾಣುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿದ್ದ ಜೀವಿಗಳು ಅವು. ಇಂಥ ಕಲ್ಲು ಒಣಗಿದಾಗ ಬರೀ ಬೂದು, ನೆನೆದಾಗ ಕಪ್ಪು ಎದ್ದು ಕಾಣುತ್ತದೆ. ಮಳೆ ಬಂತೆಂದು ಬೇಸರಿಸದೆ ಹಳೆಯ ಕಲ್ಲಿನ ಮೆಟ್ಟಿಲು, ಹೊಸ್ತಿಲುಗಳನ್ನು ಗಮನಿಸಿ. ಹಾಗೆಯೇ ಜಾರುತ್ತವೆ ಕೂಡ. ಹಿಡಿತವಿರುವ ಶೂ ಇರಲಿ, ಗಾಳಿಗೆ ಮಡಚಿಕೊಳ್ಳುವ ಕೊಡೆಗಿಂತ ಟೊಪ್ಪಿಯಿರುವ ಜಾಕೆಟ್ ಮೇಲು.

ಕೋಟೆಗೆ ಎರಡು ಗಂಟೆ ಇಡಿ. 1391ರಿಂದ ಬಟ್ಲರ್ ಮನೆತನದ ಕೈಯಲ್ಲಿದ್ದ ಈ ಕೋಟೆಯನ್ನು 1967ರಲ್ಲಿ ಬರೀ 50 ಪೌಂಡಿಗೆ ಊರವರ ಸಮಿತಿಗೆ ಕೊಟ್ಟರು. ಕೊನೆಗೆ ನೋಡುವ ಚಿತ್ರಶಾಲೆಯಲ್ಲಿ ಕತ್ತೆತ್ತಿ ಚಾವಣಿಯ ಮರದ ತೊಲೆಗಳನ್ನು ನೋಡಲು ಮರೆಯಬೇಡಿ. ಒಳಗೆ ಹೋಗಲು ಟಿಕೆಟ್ ಬೇಕು, ಹಿಂದಿನ ವಿಶಾಲ ಉದ್ಯಾನಕ್ಕೆ ಬೇಡ. ಅಮ್ಮನಿಗೆ ಸುಧಾರಿಸಿಕೊಳ್ಳಲು ಅಲ್ಲಿ ಬೆಂಚುಗಳಿವೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು? (ಹುಬ್ಬಳ್ಳಿಯ ಓದುಗರು)

ಉಪವಾಸವೇನೂ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಬೆಳಗಿನ ತಿಂಡಿಯಲ್ಲಿ ಬರುವ ಬ್ಲ್ಯಾಕ್ ಪುಡಿಂಗ್ ಸಿಹಿಯಲ್ಲ, ಹಂದಿಯ ರಕ್ತ ಬೆರೆಸಿ ಮಾಡಿದ್ದು. ವೈಟ್ ಪುಡಿಂಗ್‌ನಲ್ಲಿ ರಕ್ತವಿಲ್ಲ, ಹಂದಿಮಾಂಸವಿದೆ. ತರಕಾರಿ ಸೂಪ್ ಎಂದು ಬರೆದಿದ್ದರೂ ಕೋಳಿ ಬೇಯಿಸಿದ ನೀರು ಹಾಕಿದ್ದೀರಾ ಎಂದು ಕೇಳಿ. ಆಲೂ ಚಿಪ್ಸನ್ನು ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಎಣ್ಣೆ ಯಾವುದೆಂದು ತಿಳಿದುಕೊಂಡೇ ತೆಗೆದುಕೊಳ್ಳಿ. ಓಟ್ಸ್ ಗಂಜಿ, ಮಜ್ಜಿಗೆ ಹಾಕಿ ಸುಟ್ಟ ಸೋಡಾ ಬ್ರೆಡ್, ಬೆಣ್ಣೆ, ಸಿಪ್ಪೆಸಹಿತ ಸುಟ್ಟ ಆಲೂಗಡ್ಡೆ ಧೈರ್ಯವಾಗಿ ತಿನ್ನಬಹುದು. ಸೋಡಾ ಬ್ರೆಡ್ಡಿಗೆ ನಿಮ್ಮ ಶೇಂಗಾ ಚಟ್ನಿಪುಡಿ ಚೆನ್ನಾಗಿ ಹೊಂದುತ್ತದೆ, ಒಂದು ಪೊಟ್ಟಣ ಚೀಲದಲ್ಲಿರಲಿ.