ವ್ಯಾಪಾರ ಇದೆ, ಗಲ್ಲಾ ಖಾಲಿ: ಸಾಲ ತೆಗೆದು ಅಂಗಡಿ ದೊಡ್ಡದು ಮಾಡಲೇ?

ನೀವು ಕೇಳಿದ್ದು ಇಷ್ಟು: ದಾವಣಗೆರೆಯಲ್ಲಿ ಪೈಪು, ನಲ್ಲಿ, ಬಣ್ಣ ಮಾರುವ ಚಿಕ್ಕ ಹಾರ್ಡ್‌ವೇರ್ ಅಂಗಡಿ ಇದೆ. ದಿನವಿಡೀ ಗಿರಾಕಿ ಬರುತ್ತಾರೆ. ಆದರೆ ಡೀಲರ್‌ಗೆ ಕೊಡುವ ದಿನ ಕೈಯಲ್ಲಿ ದುಡ್ಡಿರಲ್ಲ. ಸಾಲ ಮಾಡಿ ಅಂಗಡಿ ದೊಡ್ಡದು ಮಾಡಬೇಕಾ?

ಈಗ ಬೇಡ. ನಾನೂ ಇದೇ ಊರಲ್ಲಿ ಪಂಪ್‌ಸೆಟ್, ಪೈಪು, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ನಡೆಸುತ್ತೇನೆ. ನಿಮಗೆ ಗಿರಾಕಿಯ ಕೊರತೆ ಇಲ್ಲ. ದುಡ್ಡು ಉದ್ರಿ ಖಾತೆಯಲ್ಲಿ ಮತ್ತು ರ್‍ಯಾಕಿನ ಮೇಲೆ ಕೂತಿದೆ. ಅದನ್ನು ಎಬ್ಬಿಸದೆ ಸಾಲ ತಂದರೆ, ಸಾಲದ ದುಡ್ಡೂ ಹೋಗಿ ಅಲ್ಲೇ ಕೂರುತ್ತದೆ.

ಮೊದಲು ಉದ್ರಿ. ಉದ್ರಿ ಇಲ್ಲ ಎಂದು ಬೋರ್ಡ್ ಹಾಕಿ ನಮ್ಮೂರಲ್ಲಿ ಪೈಪಿನ ಅಂಗಡಿ ನಡೆಸೋದು ಕಷ್ಟ. ಸುತ್ತಲಿನ ಹಳ್ಳಿಯವರಿಗೆ ರೊಕ್ಕ ಬರುವುದೇ ಬೆಳೆ ಮಾರಿದಾಗ. ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಕೆಳಗೆ ಹೋದಾಗ ಪೈಪು, ಕೇಬಲ್ಲು, ಮೋಟಾರು ತುರ್ತಾಗಿ ಬೇಕು. ಆದರೆ ಮೆಕ್ಕೆಜೋಳ ಎಪಿಎಂಸಿಗೆ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಭದ್ರಾ ನಾಲೆಯ ಭತ್ತದವರಿಗೆ ಬೇಸಿಗೆ ಬೆಳೆಯ ದುಡ್ಡು ಸಿಗುವುದು ಮೇ ತಿಂಗಳ ಆಸುಪಾಸು. ಚನ್ನಗಿರಿ ಕಡೆಯ ಅಡಿಕೆಯವರ ಲೆಕ್ಕವೇ ಬೇರೆ. ಎಲ್ಲರಿಗೂ ಒಂದೇ ಗಡುವು ಇಟ್ಟರೆ ನಡೆಯಲ್ಲ. ಖಾತೆ ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕ ಅವರ ಬೆಳೆ ಯಾವುದು, ರೊಕ್ಕ ಯಾವ ತಿಂಗಳು ಬರುತ್ತದೆ ಅಂತ ಬರೆಯಿರಿ. ಜುಲೈನಲ್ಲಿ ದಿನಾ ಫೋನ್ ಮಾಡಿದರೆ ಇಬ್ಬರ ಮನಸ್ಸೂ ಕೆಡುತ್ತದೆ. ಜೋಳ ಮಾರಿದ ವಾರ "ಗೌಡ್ರೇ, ನಮ್ಮ ಲೆಕ್ಕ ಸ್ವಲ್ಪ ನೋಡಿ" ಎಂದರೆ ಸಾಕು, ಬಹಳ ಸಲ ಪೂರ್ತಿ ಬರುತ್ತದೆ.

ರೈತರ ಉದ್ರಿ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಭಯ ಇರೋದು ಮನೆ ಕಟ್ಟಿಸುವ ಗುತ್ತಿಗೆದಾರರ ಉದ್ರಿ ಬಗ್ಗೆ. ಓನರ್ ಇನ್ನೂ ಕೊಟ್ಟಿಲ್ಲ ಅನ್ನುತ್ತಲೇ ಇನ್ನೊಂದು ಸೈಟಿಗೆ ಮಾಲು ಕೇಳುತ್ತಾರೆ. ಜಿಎಸ್‌ಟಿ ಬಂದ ಮೇಲೆ ಈ ಭಾರ ಇನ್ನೂ ಜಾಸ್ತಿ. ಮಾಲಿನ ಮೇಲಿನ ತೆರಿಗೆ ಬಿಲ್ ಮಾಡಿದ ತಿಂಗಳಿಗೇ ಸೇರುತ್ತದೆ, ದುಡ್ಡು ಯಾವಾಗಲಾದರೂ ಬರಲಿ. 1 ಲಕ್ಷ ರೂಪಾಯಿಯ ಪೈಪಿಗೆ ಶೇ. 18ರಂತೆ 18,000 ತೆರಿಗೆ. ಖರೀದಿಯಲ್ಲಿ ಕೊಟ್ಟ ತೆರಿಗೆ ಕಳೆದು ಉಳಿದದ್ದನ್ನು, ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಆ ಹೊತ್ತಿಗೆ ಗುತ್ತಿಗೆದಾರ ಒಂದು ರೂಪಾಯಿಯನ್ನೂ ಕೊಟ್ಟಿರದಿದ್ದರೆ? ಅವನ ಮಾಲಿಗೂ ತೆರಿಗೆಗೂ ನೀವೇ ಬಂಡವಾಳ ಹಾಕಿದ ಹಾಗಾಯಿತು.

ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಮಿತಿ ಇಡಿ. ನನ್ನ ಅಂಗಡಿಯಲ್ಲಿ ಒಟ್ಟು ಉದ್ರಿಯ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಒಬ್ಬರ ಹೆಸರಲ್ಲಿ ಇರಲು ಬಿಡಲ್ಲ, ಅವರು ಎಷ್ಟೇ ಬೇಕಾದವರಿರಲಿ. ಮಿತಿ ಮುಟ್ಟಿದವರಿಗೆ ಇಲ್ಲ ಅನ್ನಬೇಡಿ. "ಅಣ್ಣಾ, ಮಾಲು ಈಗಲೇ ಗಾಡಿಗೆ ಹಾಕಿಸ್ತೀನಿ, ಹಳೇದರಲ್ಲಿ ಅರ್ಧ ಹಾಕಿಬಿಡಿ" ಅನ್ನಿ. ಕೊಡುವ ಮನಸ್ಸಿದ್ದವರು ಅಲ್ಲೇ ಫೋನ್‌ಪೇ ಮಾಡುತ್ತಾರೆ. ದೊಡ್ಡ ಬಾಕಿಗಳಿಗೆ ವರ್ಷಕ್ಕೊಮ್ಮೆ ಲೆಕ್ಕದ ಹಾಳೆಯ ಮೇಲೆ ತಾರೀಖು ಹಾಕಿಸಿ ಸಹಿ ತಗೊಳ್ಳಿ. ಇಂಥ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷದ ಗಡುವು ಇರುತ್ತದೆ. ಅದು ಮುಗಿಯುವ ಮೊದಲೇ ಬಾಕಿ ಒಪ್ಪಿ ಸಹಿ ಹಾಕಿದರೆ, ಆ ದಿನದಿಂದ ಮತ್ತೆ 3 ವರ್ಷ ಸಿಗುತ್ತದೆ. ಕೋರ್ಟಿಗೆ ಹೋಗುವುದು ಯಾರಿಗೂ ಬೇಡ. ಆದರೂ ಸಹಿ ಹಾಕಿದವರು ಮರೆತಂತೆ ಮಾಡುವುದು ಕಡಿಮೆ.

ಇನ್ನು ಮಾಲು. ಒಂದು ದಿನ ಅಂಗಡಿ ಮುಚ್ಚಿ ಸ್ಟಾಕ್ ಎಣಿಸಿ, ಖರೀದಿ ದರದಲ್ಲಿ ಬೆಲೆ ಕಟ್ಟಿ. 8 ಲಕ್ಷದ ಮಾಲಿದ್ದು, ತಿಂಗಳಿಗೆ ಖರೀದಿ ದರದ ಲೆಕ್ಕದಲ್ಲಿ 2 ಲಕ್ಷದ್ದು ಮಾತ್ರ ಹೋಗುತ್ತಿದ್ದರೆ, ನಿಮ್ಮ ರೂಪಾಯಿ ಒಂದು ಸುತ್ತು ತಿರುಗಲು ನಾಲ್ಕು ತಿಂಗಳು ಹಿಡಿಯುತ್ತಿದೆ. ಪೈಪು ಜೋಡಿಸುವ ಮುಕ್ಕಾಲು ಇಂಚಿನ ಎಲ್ಬೋ, ಟೀ, ಅಂಟಿಸುವ ಸೊಲ್ಯೂಷನ್ ಡಬ್ಬಿ ದಿನಾ ಹೋಗುತ್ತವೆ. ಅವು ಒಂದು ದಿನವೂ ಖಾಲಿಯಾಗಬಾರದು. ಎಲ್ಬೋ ಇಲ್ಲ ಅಂದರೆ ಪ್ಲಂಬರ್ ಪೂರ್ತಿ ಚೀಟಿ ಹಿಡಿದು ಪಕ್ಕದ ಅಂಗಡಿಗೆ ಹೋಗುತ್ತಾನೆ. ಧೂಳು ಹಿಡಿದಿರುವುದು ಸ್ಕೀಮಿನ ಆಸೆಗೆ ಇಳಿಸಿಕೊಂಡ ಮಾಲು: ಯಾರೂ ಕೇಳದ ಬಣ್ಣ, ಹಳೇ ಮಾದರಿಯ ನಲ್ಲಿ. ಆರು ತಿಂಗಳಲ್ಲಿ ಒಂದೂ ಹೋಗದಿದ್ದರೆ ಡೀಲರ್‌ಗೆ ವಾಪಸ್ ಕೊಡಿ. ತಗೊಳ್ಳದಿದ್ದರೆ ಖರೀದಿ ದರಕ್ಕೇ ಮಾರಿ. ಇದು ಹೊಟ್ಟೆ ಉರಿಸುವ ಕೆಲಸ, ಗೊತ್ತು. ಆದರೆ ಆ ದುಡ್ಡಿಗೆ ಎಲ್ಬೋ ತಂದರೆ ಅದು ವರ್ಷದಲ್ಲಿ ಹಲವು ಸಲ ತಿರುಗಿ ನಷ್ಟ ತುಂಬುತ್ತದೆ.

ರಿಯಾಯಿತಿ ಕೊಡುವಾಗಲೂ ಲೆಕ್ಕ ಹಾಕಿ. 100 ರೂಪಾಯಿಗೆ ತಂದದ್ದನ್ನು 112ಕ್ಕೆ ಮಾರುತ್ತೀರಿ ಅಂದುಕೊಳ್ಳಿ. ಗಿರಾಕಿ ಕೇಳಿದ ಅಂತ ಶೇ. 5 ಬಿಟ್ಟರೆ 5 ರೂಪಾಯಿ 60 ಪೈಸೆ ಹೋಯಿತು. ಅಂದರೆ ಲಾಭದ ಹತ್ತಿರ ಹತ್ತಿರ ಅರ್ಧ! ನಗದು ಕೊಡುವವರಿಗೆ ಸ್ವಲ್ಪ ಬಿಡಿ, ಉದ್ರಿಗೆ ಬೇಡವೇ ಬೇಡ. ಒಬ್ಬರಿಗೇ ಉದ್ರಿ ಮತ್ತು ರಿಯಾಯಿತಿ ಎರಡೂ ಕೊಟ್ಟರೆ ನಿಮಗೆ ಏನು ಉಳಿಯುತ್ತೆ, ಅಲ್ವಾ?

ಮನೆ ಖರ್ಚಿನ ವಿಷಯ ಒಂದೇ ಮಾತು. ತಿಂಗಳಿಗೆ ಇಷ್ಟು ಅಂತ ಸಂಬಳದ ಹಾಗೆ ತಗೊಳ್ಳಿ. ಗಲ್ಲಾದಿಂದ ನೇರವಾಗಿ ತರಕಾರಿಗೂ ಪೆಟ್ರೋಲಿಗೂ ತೆಗೆಯಬೇಡಿ.

ಯಾರೋ ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮ್ (ಚಿಕ್ಕ ವ್ಯಾಪಾರಿಗಳಿಗೆ ವಹಿವಾಟಿನ ಮೇಲೆ ಸರಳ ತೆರಿಗೆ) ತಗೊಳ್ಳಿ ಅಂದರು ಅಂತಲೂ ಬರೆದಿದ್ದೀರಿ. ವರ್ಷದ ವಹಿವಾಟು 1.5 ಕೋಟಿವರೆಗೆ ಇರುವ ವ್ಯಾಪಾರಿಗೆ ಅದರಲ್ಲಿ ಶೇ. 1 ತೆರಿಗೆ, ಲೆಕ್ಕವೂ ಸುಲಭ. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಖರೀದಿಯಲ್ಲಿ ಕೊಟ್ಟ ತೆರಿಗೆಯೂ ವಾಪಸ್ ಸಿಗಲ್ಲ. ನಿಮ್ಮ ಬಿಲ್ಲಿನ ಮೇಲೆ ಗಿರಾಕಿಗೂ ತೆರಿಗೆ ಕ್ರೆಡಿಟ್ ಇಲ್ಲ, ಅಂದರೆ ಅವರ ತೆರಿಗೆಯಲ್ಲಿ ಏನೂ ಕಳೆಯಲು ಬರಲ್ಲ. ಹಾಗಾಗಿ ಜಿಎಸ್‌ಟಿ ಬಿಲ್ ಕೇಳುವ ಗುತ್ತಿಗೆದಾರರು ಜಾಸ್ತಿ ಇದ್ದರೆ ಅದು ನಿಮಗೆ ಹೊಂದಲ್ಲ. ಮನೆಯವರೇ ಬಂದು ಕೊಳ್ಳುವ ಅಂಗಡಿಗೆ ಸರಿಹೋಗಬಹುದು.

ಕೊನೆಗೆ ಸಾಲ. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ಜಾಮೀನಿಲ್ಲದೆ 10 ಲಕ್ಷದವರೆಗೆ ಸಾಲವಿದೆ, ಅದರ ತರುಣ್ ವರ್ಗದ ಸಾಲ ಪಡೆದು ತೀರಿಸಿದವರಿಗೆ 20 ಲಕ್ಷದವರೆಗೆ. ಆದರೆ ಅಂಗಡಿ ದೊಡ್ಡದು ಮಾಡುವುದಕ್ಕಿಂತ ಮೊದಲು ಬ್ಯಾಂಕಿನಲ್ಲಿ ಓಡಿ (ಓವರ್‌ಡ್ರಾಫ್ಟ್) ಖಾತೆ ಕೇಳಿ. ಅದರಲ್ಲಿ ಮಿತಿಯೊಳಗೆ ಬೇಕಾದಾಗ ತೆಗೆದು ವಾಪಸ್ ಕಟ್ಟಬಹುದು, ಬಳಸಿದ ದುಡ್ಡಿಗೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಡೀಲರ್ 30 ದಿನದ ಬದಲು 7 ದಿನದಲ್ಲಿ ಕೊಟ್ಟರೆ ಶೇ. 2 ಬಿಡುತ್ತೇನೆ ಅಂದರೆ, 23 ದಿನಕ್ಕೆ ಶೇ. 2 ಉಳಿಯಿತು. ವರ್ಷದ ಲೆಕ್ಕಕ್ಕೆ ತಂದರೆ ಅದು ಶೇ. 30 ದಾಟುತ್ತದೆ. ಓಡಿ ಬಡ್ಡಿ ಅದರ ಅರ್ಧವೂ ಇಲ್ಲದಿದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಈ ಸುಗ್ಗಿ ಕಳೆದು ಹಳೇ ಬಾಕಿ ಅರ್ಧದಷ್ಟಾದರೂ ಬಂದು, ಡೀಲರ್‌ಗೆ ಹೇಳಿದ ದಿನವೇ ಕೊಡಲು ಆಗುತ್ತಿದ್ದರೆ, ಆಗ ಪಕ್ಕದ ಮಳಿಗೆಯ ಬಾಡಿಗೆ ವಿಚಾರಿಸಿ.